ತಲೆ ಎಣಿಕೆ

ಒಂದನೇ ಇಯತ್ತೆಗೆ ಅಂಕಿ ತಿದ್ದಿಸಿ
ಸೀಮೆಸುಣ್ಣದ ಕೈ ತೊಳೆಯುವ ಹೊತ್ತಿಗೆ
ವಾರ್ಡ್ ಆಫೀಸಿನಿಂದ ಚೀಟಿ:
ಕನ್ನಡ ಶಾಲೆಯಲ್ಲಿ ಮಕ್ಕಳು ಆರೇ, ಟೀಚರು ಖಾಲಿ,
ವಡಾಲಾ ಸೇತುವೆ ಕೆಳಗಿನ ಹೆಂಗಸರ ರಾತ್ರಿ ನಿವಾರಕ್ಕೆ
ತಲೆ ಎಣಿಸಲು ಕಳಿಸಿ.

ಖಾಲಿ. ಸರಿ.
ರಿಫಿಲ್ ಎರಡು, ಡಬ್ಬಿಯಲ್ಲಿ ಅವಲಕ್ಕಿ,
ಫಾರಮ್ಮು, ಅದಕ್ಕೆ ಕಾಲಂ ಹದಿನಾಲ್ಕು.

ಪಾಲಿಕೆಯ ಸಮಿತಿ ಮಧ್ಯಾಹ್ನವೇ ಬಂದು ಹೋಗಿತ್ತು.
ಕಾಗದದ ಚಹಾ ಲೋಟ, ಇನ್ನೂ ಒಣಗದ ಸುಣ್ಣ,
ಸಾಲಾಗಿ ಮೂವತ್ತನಾಲ್ಕು ಮಂಚ.
ಎಂಟೂವರೆಗೆ ಮಂಟಪದವನ ಟೆಂಪೊ ಬಂತು.
ಹದಿನೈದು ಮಂಚ ಹತ್ತಿಕೊಂಡು ಹೊರಟವು
ಮದುವೆ ಉಂಡೆದ್ದ ಬೀಗರ ಹಾಗೆ
ಹಿಂದಿರುಗಿ ನೋಡದೆ.

ಒಂಬತ್ತಕ್ಕೆ ಬಾಗಿಲು.
ಒಬ್ಬಳು ಹೆಸರು ಕೇಳಿದರೆ ಊರು ಹೇಳಿದಳು.
ಒಬ್ಬಳು ವಯಸ್ಸಿಗೆ, ಯಾವ ಪ್ರವಾಹ ಮೊದಲು ನೋಡಿದೆ ಅನ್ನುವುದನ್ನು.
ಹನ್ನೊಂದನೆಯವಳು ನನ್ನ ಅಕ್ಷರದ ಮೇಲೆ ಬಗ್ಗಿ
"ಕನ್ನಡದಾಗ ಬರೀತೀರೇನ್ರಿ ಬಾಯಿ?" ಅಂದಳು.

ಸಾಬಮ್ಮ. ಸುರಪುರದ ಕಡೆ.
ಕಾಲಂ ಏಳು, ಉದ್ಯೋಗ:
"ಪೇಶೆಂಟ್ ನೋಡ್ಕೋತೀನ್ರಿ. ಬ್ಯೂರೋದ ಕಡಿಂದ. ಎಂಟರಿಂದ ಎಂಟು.
ಮಾಟುಂಗಾದಾಗ ಮೂರನೇ ಮಾಳಿಗಿ, ಕಿಡಕಿ ಬಾಜೂಕ ಮಂಚ.
ಎರಡು ತಾಸಿಗೊಮ್ಮೆ ಮಗ್ಗಲಾ ಹೊಳ್ಳಸ್ತೀನ್ರಿ.
ಮೂರು ವರ್ಷ ಆತು, ಬೆನ್ನಾಗ
ಒಂದು ಹುಣ್ಣಿಲ್ಲ ನಮ್ಮ ಅಜ್ಜಿಗೆ."

ನಮ್ಮ ಅಜ್ಜಿ ಅಂದಳು.
'ಸೇವೆ' ಅಂತ ಬರೆದೆ, ಹೊಡೆದೆ.
'ಕೂಲಿ' ಅಂತ ಬರೆದೆ.
ಮನಸ್ಸೊಪ್ಪದೆ ಅಂಚಿನಲ್ಲಿ ಇನ್ನೇನೋ ಗೀಚಿದೆ.

ಕಾಲಂ ಒಂಬತ್ತು: ವಾರಕ್ಕೆ ಎಷ್ಟು ರಾತ್ರಿ ಇಲ್ಲಿ?
ಅವಳು ನಕ್ಕಳು.
"ರಾತ್ರಿ ಪಾಳಿಯಾಕಿ ಬರಲಾರದ ದಿನ ನನಗ ಮನಿ ಐತ್ರಿ.
ಅಜ್ಜಿ ಮಂಚದ ಕೆಳಗ ಚಾಪಿ, ಮ್ಯಾಲ ಫ್ಯಾನು.
ಆಕಿ ಬಂದಳಂದ್ರ ಇಲ್ಲಿಗೆ ಬರ್ತೀನಿ.
ಆಕಿಗೂ ಮಕ್ಕಳದಾವ, ರೊಕ್ಕ ಬೇಕು.
ಬರಬಾರದು ಅಂತ ಬೇಡ್ಕೊಳ್ಳಾಕ ಬಾಯಿ ಬರಂಗಿಲ್ಲ."
ಸ್ವಲ್ಪ ಹೊತ್ತು ಬಿಟ್ಟು,
"ಬೇಡ್ಕೋತೀನ್ರಿ."

ವಾರಕ್ಕೆ ಎಷ್ಟು ಅಂತ ಬರೆಯಲಿ?
ಬ್ಯೂರೋದಲ್ಲಿ ಆಳು ಸಾಲದಷ್ಟು ದಿನ ಅವಳಿಗೆ ಸೂರು.

ಹತ್ತಕ್ಕೆ ದೀಪ ಆರಿತು. ಮೂವತ್ತೊಂದು ತಲೆ.
ಮಂಚ ಸಿಗದ ಹನ್ನೆರಡು ಮಂದಿ ನೆಲಕ್ಕೆ,
ಹೊಸ ಸುಣ್ಣ ಸೀರೆಗೆ ಮೆತ್ತದಂತೆ ಗೋಡೆ ಬಿಟ್ಟು.
ಸಾಬಮ್ಮ ಅರೆನಿದ್ದೆಯಲ್ಲೇ ಎದ್ದಳು,
ಪಕ್ಕದಲ್ಲಿ ಗೊರಕೆ ಹೊಡೆಯುವ ಯಾವಳೋ ಮುದುಕಿಯ
ಹೆಗಲಿಗೊಂದು ಕೈ, ಸೊಂಟಕ್ಕೊಂದು ಕೈ ಕೊಟ್ಟು
ಮೆಲ್ಲಗೆ ಮಗ್ಗುಲು ಹೊಳ್ಳಿಸಿ ಮಲಗಿಕೊಂಡಳು.
ಈ ಒಂದಕ್ಕೆ ಯಾರೂ ಕಮಿಷನ್ ಹಿಡಿಯಲಿಲ್ಲ.

ಹನ್ನೊಂದಕ್ಕೆ ಟಿಪ್ಣಿಸ್ ಸಾಹೇಬರು.
"ಮಂಚ ಮೂವತ್ತನಾಲ್ಕು ಅಂತ ಹಾಕಿ ಟೀಚರ್,
ಸಮಿತಿ ನೋಡಿದ್ದು ಅಷ್ಟು."
ನೋಡಿದ್ದು ಅಷ್ಟೇ, ಹೌದು.

ನಾನು ಬರೆದೆ: ೧೯.

ಅವರು ಕನ್ನಡಕ ಏರಿಸಿದರು, ಇಳಿಸಿದರು.
ನಮ್ಮ ಒಂದು ಅವರ ಕಣ್ಣಿಗೆ ಹರಕು ಸೊನ್ನೆ.
"ಹೇ ಕಾಯ್?"
ನಮ್ಮ ಅಂಕಿ ಸಾಹೇಬ್, ಅಂದೆ.
ಹನ್ನೊಂದು ನಲವತ್ತರ ಪನವೇಲ್ ಗಾಡಿ ಹಿಡಿಯಬೇಕು ಅವರು.
ಸಹಿ ಬಿತ್ತು, ಮೇಲೆ ಗುಂಡು ಶಿಕ್ಕಾ.

ಇದನ್ನು ಧೈರ್ಯ ಅನ್ನಲೆ?
ಯಾರೂ ಓದದ ಹಾಗೆ ನಿಜ ಬರೆಯುವುದು
ಇಪ್ಪತ್ತೆರಡು ವರ್ಷದ ನೌಕರಿ ಕಲಿಸಿದ ವಿದ್ಯೆ.
ಆ ಫೈಲು ಈಗ ಯಾವ ಕಪಾಟಿನಲ್ಲೋ.
ಸಾಬಮ್ಮ ಯಾವ ರಾತ್ರಿ ಎಲ್ಲೋ.

ಸೋಮವಾರ ಮೋನಮ್ಮ ಮತ್ತೆ
ಒಂದರ ತುದಿ ಎಳೆದು ಮುಚ್ಚಿಬಿಟ್ಟಿದ್ದಳು.
ಹಾಗಲ್ಲ ಕೂಸೇ, ಅಂದೆ, ಪಾಟಿ ಒರೆಸಿ ಕೈ ಹಿಡಿದು,
ಕೂಡಿಸಬೇಡ,
ಅದರ ಬಾಯಿ ತೆರೆದಿರಲಿ.